ಜಿ-20 ನಾಯಕರು ಒಳಗೆ ಕುಳಿತು ಏನು ಮಾತಾಡುತ್ತಾರೆ?

ಪ್ರಶ್ನೆ: 2023ರಲ್ಲಿ ನಮ್ಮ ಹಂಪಿಯಲ್ಲೂ ಜಿ-20 ಸಭೆ ನಡೆಯಿತು. ಟಿವಿಯಲ್ಲಿ ಕಾಣುವುದು ಮಾತ್ರ ನಾಯಕರು ಕೈಕುಲುಕುವುದು, ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವುದು. ಎರಡೇ ದಿನದಲ್ಲಿ ಅವರು ನಿಜಕ್ಕೂ ಏನು ಚರ್ಚಿಸುತ್ತಾರೆ ಸರ್?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ಆ ಜುಲೈನಲ್ಲಿ ಹಂಪಿಗೆ ಬಂದವರು ನಾಯಕರಲ್ಲ, ಅವರ ಪರವಾಗಿ ಮಾತಾಡುವ ಶೆರ್ಪಾಗಳು. ಹೆಚ್ಚಿನ ಕೆಲಸ ಮುಗಿಯುವುದು ಇವರ ಹಂತದಲ್ಲೇ. ಶೃಂಗಸಭೆಯ ಕೊನೆಗೆ ನಾಯಕರು ಹೊರಡಿಸುವ ಘೋಷಣೆಯ ಕರಡಿನ ಒಂದೊಂದು ಸಾಲಿಗೂ ಜಗ್ಗಾಟ ನಡೆಯುತ್ತದೆ. 2023ರ ದೆಹಲಿ ಶೃಂಗಸಭೆಯ ಘೋಷಣೆಯಲ್ಲಿ ಉಕ್ರೇನ್ ಯುದ್ಧದ ಭಾಗಕ್ಕೆ 15 ಕರಡುಗಳಾದವು ಎಂದು ನಮ್ಮ ಶೆರ್ಪಾ ಆಗಿದ್ದ ಅಮಿತಾಭ್ ಕಾಂತ್ ಅವರೇ ತಿಳಿಸಿದ್ದರು. ಅದೇ ವರ್ಷ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಹಣಕಾಸು ಸಚಿವರ ಸಭೆಯಲ್ಲಿ, ಯುದ್ಧ ಕುರಿತ ಸಾಲುಗಳಿಗೆ ರಷ್ಯಾ ಮತ್ತು ಚೀನಾ ಒಪ್ಪಲಿಲ್ಲ. ಜಂಟಿ ಹೇಳಿಕೆಯೇ ಹೊರಬರಲಿಲ್ಲ.

ಅಧಿಕಾರಿಗಳಿಂದ ಬಿಡಿಸಲಾಗದ ಗಂಟುಗಳು ನಾಯಕರ ಮುಂದೆ ಬರುತ್ತವೆ. ಬಹುಪಾಲು ವಿಷಯಗಳ ತಿರುಳು ಒಂದೇ: ಹಣ ಯಾರು ಕೊಡಬೇಕು, ನಷ್ಟ ಯಾರು ಹೊರಬೇಕು? 2009ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಇದಕ್ಕೆ ಖಚಿತ ಉತ್ತರ ಸಿಕ್ಕಿತು. ಬ್ಯಾಂಕುಗಳ ಕುಸಿತದಿಂದ ಎಲ್ಲರೂ ಕಂಗಾಲಾಗಿದ್ದಾಗ, ಸಂಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಬಳಿಯ ಹಣವನ್ನು ಮೂರು ಪಟ್ಟು ಹೆಚ್ಚಿಸಿ 75,000 ಕೋಟಿ ಡಾಲರ್‌ಗೆ ಏರಿಸಲು ಒಪ್ಪಿದರು.

ಬಡ ದೇಶಗಳ ಸಾಲದ ವಿಷಯಕ್ಕೆ ಬಂದರೆ ಆ ಅವಸರ ಕಾಣುವುದಿಲ್ಲ. ಸಾಲ ಕೊಟ್ಟ ದೇಶಗಳೆಲ್ಲ ಒಟ್ಟಿಗೆ ಕುಳಿತು ಮರುಪಾವತಿಯ ಷರತ್ತು ಸಡಿಲಿಸಬೇಕೆಂಬ ವ್ಯವಸ್ಥೆಯನ್ನು ಜಿ-20 2020ರ ನವೆಂಬರ್‌ನಲ್ಲಿ ಒಪ್ಪಿಕೊಂಡಿತು. ಅದೇ ತಿಂಗಳು ಆಫ್ರಿಕಾದ ಜಾಂಬಿಯಾ ದೇಶ ಸಾಲದ ಕಂತು ಕಟ್ಟಲಾಗದೆ ಕೈಚೆಲ್ಲಿತು. ಚೀನಾ ಸೇರಿದಂತೆ ಸಾಲ ಕೊಟ್ಟ ದೇಶಗಳ ಜೊತೆ ಸುಮಾರು 630 ಕೋಟಿ ಡಾಲರ್ ಸಾಲದ ಬಗ್ಗೆ ಒಪ್ಪಂದ ಕುದುರಿದ್ದು 2023ರ ಜೂನ್‌ನಲ್ಲಿ. ಇದು ನನಗೆ ಸಹಿಸಲಾಗದ ವಿಳಂಬ. ಜಿ-20 ನಿರ್ಣಯಕ್ಕೆ ಕಾನೂನಿನ ಬಲವಿಲ್ಲ, ತಡಮಾಡಿದವರನ್ನು ಕೇಳುವವರೂ ಇಲ್ಲ. ದೆಹಲಿಯಲ್ಲಿ ಆಫ್ರಿಕಾ ಒಕ್ಕೂಟಕ್ಕೆ ಕಾಯಂ ಸದಸ್ಯತ್ವ ಸಿಕ್ಕಿದ್ದನ್ನು ನಾನು ದೊಡ್ಡದೆನ್ನುವುದು ಇದೇ ಕಾರಣಕ್ಕೆ: ಸಾಲ ತೀರಿಸಬೇಕಾದವರೂ ಈಗ ಸಭೆಯ ಒಳಗಿದ್ದಾರೆ.

ಪಕ್ಕದ ಕೋಣೆಗಳ ಇಬ್ಬಿಬ್ಬರ ಮಾತುಕತೆಗಳೂ ಇರುತ್ತವೆ. 2018ರಲ್ಲಿ ಬ್ಯೂನಸ್ ಐರಿಸ್ ಶೃಂಗಸಭೆ ಮುಗಿದ ರಾತ್ರಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಊಟಕ್ಕೆ ಕೂತು ಸುಂಕ ಸಮರಕ್ಕೆ 90 ದಿನಗಳ ವಿರಾಮ ಕೊಟ್ಟರು.

ಮುಂದಿನ ಘೋಷಣೆ ಬಂದಾಗ ಸಾಲದ ಕುರಿತ ಪ್ಯಾರಾ ಹುಡುಕಿ ಓದಿ. ಅಲ್ಲಿ ಮೊತ್ತ ಮತ್ತು ಗಡುವು ಇವೆಯೇ ನೋಡಿ.