ಕೋಳಿ ಮೇವು ಮುಟ್ಟುತ್ತಿಲ್ಲವೇ? ಮೊದಲು ಅದರ ಕತ್ತಿನ ಬುಡ ಮುಟ್ಟಿ ನೋಡಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಾಲಿನವು. "ಸಾರ್, ಕೋಳಿ ತಿಂತಿಲ್ಲ, ಔಷಧಿ ಹೇಳಿ." ಎಷ್ಟು ಕೋಳಿ, ಎಷ್ಟು ವಯಸ್ಸು, ಎಷ್ಟು ದಿನದಿಂದ, ಒಂದೂ ಇಲ್ಲ. ಮೇವು ಬಿಡುವುದು ರೋಗದ ಹೆಸರಲ್ಲ ಸ್ವಾಮಿ. ಕೋಳಿ ಜ್ವರಕ್ಕೂ ಮೇವು ಬಿಡುತ್ತದೆ, ಸೆಕೆಗೂ ಬಿಡುತ್ತದೆ, ಪಕ್ಕದ ಮನೆಯ ತಿಪ್ಪೆಯಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದಾಗಲೂ ಬಿಡುತ್ತದೆ. ಈ ಸಲ ಒಬ್ಬರು ಸ್ವಲ್ಪ ವಿವರ ಬರೆದಿದ್ದಾರೆ. ಅವರಿಗೆ ಉದ್ದವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ನಮ್ಮಲ್ಲಿ 12 ನಾಟಿ ಕೋಳಿ ಇವೆ. 4 ದಿನದಿಂದ ಸರಿಯಾಗಿ ಮೇಯುತ್ತಿಲ್ಲ, ಹಸಿರು ಹಿಕ್ಕೆ ಹಾಕುತ್ತಿವೆ. ಹಸಿರು ಅಂದರೆ ಕೊಕ್ಕರೆ ರೋಗವೇ (ರಾಣಿಖೇತ್ ಅನ್ನುವ ಅಂಟುರೋಗ) ಅಂತ ಸಂತೆಯಲ್ಲಿ ಕೋಳಿ ಮಾರುವವರೊಬ್ಬರು ಹೇಳಿದರು. ಮೆಡಿಕಲ್ ಶಾಪಿನಿಂದ ಕ್ಯಾಪ್ಸೂಲ್ ತಂದು ನೀರಿಗೆ ಬೆರೆಸಿದ್ದೇನೆ. ಮುಂದೇನು? (ತಿಪಟೂರು ಕಡೆಯ ಓದುಗರು)

ಮೊದಲು ಆ ನೀರು ಚೆಲ್ಲಿ. ಬೇಸಿನ್ ತೊಳೆದು ತಣ್ಣನೆಯ ಒಳ್ಳೆ ನೀರು ಇಡಿ. ಕಾಯಿಲೆ ಬಿದ್ದ ಕೋಳಿ ಮೊದಲೇ ನೀರು ಕಡಿಮೆ ಕುಡಿಯುತ್ತದೆ. ಕಹಿ ಮಾತ್ರೆ ಹಾಕಿದರೆ ಅದನ್ನೂ ಬಿಡುತ್ತದೆ. ಯಾವುದು ಎಷ್ಟು ಔಷಧಿ ಕುಡಿಯಿತು ಅನ್ನೋದು ನಿಮಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಮೊಟ್ಟೆಯಲ್ಲಿ ಬರುವ ಔಷಧಿಯ ಅಂಶವನ್ನು ತಿನ್ನುವವರು ನಿಮ್ಮ ಮನೆ ಮಕ್ಕಳೇ.

ಇನ್ನು ಹಸಿರು ಹಿಕ್ಕೆ. ಎರಡು ದಿನ ಏನೂ ತಿನ್ನದ ಕೋಳಿ ಯಾವ ಕಾರಣಕ್ಕೆ ಉಪವಾಸವಿದ್ದರೂ ಹಸಿರಾಗಿಯೇ ಹಾಕುತ್ತದೆ. ಮೇವಿಲ್ಲದ ಕರುಳಿನಲ್ಲಿ ಪಿತ್ತ ಮಾತ್ರ ಹೊರಗೆ ಬರುತ್ತದೆ, ಅಷ್ಟೆ. ಕೊಕ್ಕರೆ ರೋಗದಲ್ಲೂ ಹಸಿರು ಭೇದಿ ಇರುತ್ತದೆ, ನಿಜ. ಆದರೆ ಬಣ್ಣವೊಂದನ್ನೇ ನೋಡಿ ರೋಗ ಹೇಳುವವನು ವೈದ್ಯನಲ್ಲ. ಆ ಸಂತೆಯವರು ಅಷ್ಟು ಹೇಳಿ "ಕಾಯಿಲೆ ಕೋಳಿ, ಅರ್ಧ ಬೆಲೆಗೆ ಕೊಡಿ" ಅಂದಿರಬೇಕು, ಅಲ್ವಾ?

ಈಗ ನೀವು ಬರೆಯದ ಮುಖ್ಯ ಸಂಗತಿಗೆ ಬರೋಣ. 12 ಕೋಳಿಗಳೂ ಒಂದೇ ದಿನ ಮೇವು ಬಿಟ್ಟವೇ? ಒಂದೇ ಒಂದು ಬಿಟ್ಟಿದೆಯೇ? ಅಥವಾ ಮೊದಲು ಒಂದು, ಮಾರನೆ ದಿನ ಮೂರು, ಆಮೇಲೆ ಐದು ಹೀಗೆ ಬಿಟ್ಟವೇ? ನಾನು ಮೊದಲು ಕೇಳುವುದೇ ಇದನ್ನು.

ಎಲ್ಲವೂ ಒಟ್ಟಿಗೆ ಬಿಟ್ಟಿದ್ದರೆ ಕೋಳಿಯನ್ನು ಬಿಟ್ಟು ಮೇವು ನೀರನ್ನು ನೋಡಿ. ಬೇಸಿಗೆಯಲ್ಲಿ ಕಪ್ಪು ಪೈಪಿನಿಂದ ಬರುವ ನೀರಿಗೆ ನೀವೇ ಕೈ ಇಟ್ಟು ನೋಡಿ. ಅಷ್ಟು ಬಿಸಿ ನೀರನ್ನು ಕೋಳಿ ಕುಡಿಯುವುದಿಲ್ಲ. ನೀರು ನಿಂತರೆ ಮೇವೂ ನಿಲ್ಲುತ್ತದೆ. ಕೋಳಿಗೆ ಬೆವರು ಗ್ರಂಥಿಯೇ ಇಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಹಾಗಾಗಿ ಸೆಕೆಗಾಲದಲ್ಲಿ ಬೆಳಕು ಹರಿಯುವಾಗ ಮತ್ತು ಸಂಜೆ ಹೊತ್ತು ಮೇವು ಹಾಕಿ. ಮಧ್ಯಾಹ್ನ ಸುಮ್ನೆ ಬಿಟ್ಟುಬಿಡಿ.

ಹೊಸ ಮೂಟೆ ಒಡೆದಿರಾ? ಒಂದು ಹಿಡಿ ತೆಗೆದು ಮೂಸಿ. ಮುಗ್ಗಲು ವಾಸನೆ ಬಂದರೆ, ಮುಸುಕಿನ ಜೋಳದಲ್ಲೋ ಕಡಲೆಕಾಯಿ ಹಿಂಡಿಯಲ್ಲೋ ಬೂಷ್ಟು ಕಂಡರೆ ಇಡೀ ಮೂಟೆ ಬಿಸಾಡಿ. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಕೋಳಿಯ ಈಲಿ (ಲಿವರ್) ಹಾಳು ಮಾಡುತ್ತದೆ. ಬಿಸಿಲಿಗೆ ಹರಡಿದರೆ ಬೂಷ್ಟು ಒಣಗುತ್ತದೆ, ವಿಷ ಒಣಗುವುದಿಲ್ಲ. ತೊಳೆದರೂ ಬೇಯಿಸಿದರೂ ಅಷ್ಟೆ. "ದನಕ್ಕೆ ಹಾಕ್ತೀವಿ" ಅಂತ ಬರೆಯಬೇಡಿ, ಅದಕ್ಕೂ ಬೇಡ.

ಒಂದೇ ಕೋಳಿ ಬಿಟ್ಟಿದ್ದರೆ ರಾತ್ರಿ ಅದು ಗೂಡು ಸೇರಿದ ಮೇಲೆ ಕತ್ತಿನ ಬುಡದಲ್ಲಿ, ಎದೆಯ ಬಲಗಡೆ ಇರುವ ಮೇವಿನ ಚೀಲ ಮುಟ್ಟಿ ನೋಡಿ. ಬೆಳಗ್ಗೆ ಮೇವು ಹಾಕುವ ಮೊದಲು ಮತ್ತೊಮ್ಮೆ ಮುಟ್ಟಿ. ರಾತ್ರಿ ತುಂಬಿರಬೇಕು, ಬೆಳಗ್ಗೆ ಖಾಲಿ ಇರಬೇಕು. ರಾತ್ರಿ ತುಂಬಿದ್ದು ಬೆಳಗ್ಗೆ ಖಾಲಿಯಾಗಿದ್ದರೆ ಅದು ಬೇರೆಲ್ಲೋ ತಿನ್ನುತ್ತಿದೆ, ನೀವು ಚಿಂತೆ ಬಿಡಿ. ರಾತ್ರಿಯೂ ಖಾಲಿ ಅಂದರೆ ನಿಜವಾಗಿ ತಿಂದಿಲ್ಲ. ಬೆಳಗ್ಗೆಯೂ ಗಟ್ಟಿಯಾಗಿಯೋ, ನೀರು ತುಂಬಿದ ಬಲೂನಿನಂತೆಯೋ ಇದ್ದರೆ ಒಳಗೆ ಕಟ್ಟಿಕೊಂಡಿದೆ. ಉದ್ದನೆಯ ಒಣಹುಲ್ಲು, ಗೋಣಿದಾರ, ಪ್ಲಾಸ್ಟಿಕ್ ಚೂರು, ಏನು ಬೇಕಾದರೂ ಇರಬಹುದು. ಆಗ ಎಣ್ಣೆ ಹುಯ್ದು ತಲೆಕೆಳಗು ಮಾಡಿ ಹಿಂಡುವ ವಿಡಿಯೋ ನೋಡಿ ಅದನ್ನೇ ಮಾಡಬೇಡಿ. ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಕೋಳಿ ನಿಮ್ಮ ಕೈಯಲ್ಲೇ ಸಾಯುತ್ತದೆ. ಪಶು ಆಸ್ಪತ್ರೆಗೆ ಹೋಗಿ.

ಹಾಗೇ ಎದೆಮೂಳೆಯ ಮೇಲೂ ಬೆರಳು ಓಡಿಸಿ. ಕತ್ತಿಯ ಅಲಗಿನಂತೆ ಚೂಪಾಗಿದ್ದರೆ ತೊಂದರೆ 4 ದಿನದ್ದಲ್ಲ, ವಾರಗಟ್ಟಲೆಯದು. ಜಂತು ಇರಬಹುದು, ಹೇನು ಉಣುಗು ಇರಬಹುದು.

ಉಣುಗಿನ ವಿಷಯದಲ್ಲಿ ನಾನೇ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಒಬ್ಬ ಅಜ್ಜಿಯ ಕೋಳಿಗಳು ಬಡಕಲಾಗಿದ್ದವು, ಜುಟ್ಟು ಬಿಳಿಚಿಕೊಂಡಿತ್ತು. ಜಂತಿನ ಔಷಧಿ ಕೊಟ್ಟು ಬಂದೆ. ವಾರವಾದರೂ ಗುಣ ಕಾಣಲಿಲ್ಲ. ಆಮೇಲೆ ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದರೆ ಗೂಡಿನ ಬಿದಿರಿನ ಸಂದಿಯಿಂದ ಉಣುಗು ಸಾಲಾಗಿ ಹೊರಡುತ್ತಿವೆ. ಹಗಲು ಅಡಗಿದ್ದು ರಾತ್ರಿ ರಕ್ತ ಹೀರುವ ಜಾತಿ ಅದು. ಹಗಲಲ್ಲಿ ಮೈ ಹುಡುಕಿದರೆ ಎಲ್ಲಿ ಸಿಗಬೇಕು? "ಸಂಜೆಯಾದರೆ ಗೂಡಿಗೆ ಹೋಗೋಕೆ ಹೆದರ್ತವೆ ಕಣಪ್ಪ" ಅಂತ ಅಜ್ಜಿ ಮೊದಲ ದಿನವೇ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಗೂಡಿಗೆ ಕುದಿಯುವ ನೀರು ಹುಯ್ದು, ಸಂದಿ ಮುಚ್ಚಿ, ಸುಣ್ಣ ಬಳಿದ ಮೇಲೆ ಕೋಳಿಗಳು ಮೇಯತೊಡಗಿದವು.

ಮೂರನೆಯದು, ಒಂದಾದ ಮೇಲೆ ಒಂದು ಬೀಳುವುದು. ನಾನು ಹೆದರುವುದು ಇದಕ್ಕೆ ಮಾತ್ರ. ತೂಕಡಿಕೆ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಳ್ಳುವುದು, ಕಾಲು ರೆಕ್ಕೆ ಸೋಲುವುದು ಜೊತೆಗಿದ್ದರೆ ಕೊಕ್ಕರೆ ರೋಗದ ಅನುಮಾನ ಬಲವಾಗುತ್ತದೆ. ಅದು ವೈರಸ್ ರೋಗ, ಬಂದ ಮೇಲೆ ಔಷಧಿ ಇಲ್ಲ. ಬೆಳ್ಳುಳ್ಳಿ ಅರಿಶಿನ ಅರೆದು ಹಾಕಿದೆ, ಉಳಿದವು ಬದುಕಿದವು ಅನ್ನುತ್ತೀರಿ. ಉಳಿದವು ಬದುಕಿದ್ದು ಅವುಗಳ ಹಣೆಬರಹ. ಸಂಖ್ಯೆ ಏರುತ್ತಿದ್ದರೆ ಇವತ್ತೇ ಪಶುವೈದ್ಯರನ್ನು ಕಾಣಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಜುಟ್ಟು ನೀಲಿಗಟ್ಟಿ ಒಂದೆರಡು ದಿನದಲ್ಲೇ ಗುಂಪು ಸಾಯುತ್ತಿದ್ದರೆ ಕೋಳಿಯನ್ನು ಮುಟ್ಟಲೂ ಬೇಡಿ. ಹಕ್ಕಿಜ್ವರ ದೂರದ ಮಾತಲ್ಲ. 2020ರಲ್ಲಿ ಮೈಸೂರು, ದಾವಣಗೆರೆ ಜಿಲ್ಲೆಗಳಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಬಂದಿತ್ತು.

ಪ್ರಶ್ನೆ: ಎಂಟೇ ಕೋಳಿಗೆ ಕೊಕ್ಕರೆ ರೋಗದ ಲಸಿಕೆ ಬೇಕಾ?

ಬೇಕು. ಮರಿಗೆ 5ರಿಂದ 7 ದಿನದೊಳಗೆ ಲಸೋಟ ಅನ್ನುವ ಲಸಿಕೆಯ ಹನಿ, 8 ವಾರಕ್ಕೆ ಆರ್2ಬಿ ಅನ್ನುವ ಲಸಿಕೆಯ ಚುಚ್ಚುಮದ್ದು. ಆರ್2ಬಿಯನ್ನು ಎಳೆ ಮರಿಗೆ ಕೊಟ್ಟರೆ ಲಸಿಕೆಯೇ ಕೊಲ್ಲಬಹುದು. ಒಂದು ಸೀಸೆಯಲ್ಲಿ 100 ಕೋಳಿಗಾಗುವಷ್ಟು ಇರುತ್ತದೆ, ಕರಗಿಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಬೀದಿಯವರೆಲ್ಲ ಸೇರಿ ಒಂದೇ ಬೆಳಗ್ಗೆ ಹಾಕಿಸಿ.

ಪ್ರಶ್ನೆ: ಸುಸ್ತಾದ ಕೋಳಿಗೆ ಎರಡು ಹನಿ ಬ್ರಾಂದಿ ಹಾಕಬಹುದಾ?

ಬೇಡ.

ಪ್ರಶ್ನೆ: ಕಾವಿಗೆ ಕೂತ ಹೇಂಟೆ ದಿನಕ್ಕೆ ಒಂದೇ ಸಲ ತಿನ್ನುತ್ತಿದೆ.

ಅಷ್ಟೇ ತಿನ್ನೋದು. 21 ದಿನ ಅದರ ಪಾಡಿಗೆ ಬಿಡಿ, ಹತ್ತಿರದಲ್ಲಿ ನೀರಿರಲಿ.

ಪ್ರಶ್ನೆ: ಸಾಯುವ ಹಾಗಿದೆ, ಕೊಯ್ದುಬಿಡಲೇ? ಇಲ್ಲಾ ಮಾರಲೇ?

ಎರಡೂ ಬೇಡ. ಈ ಪ್ರಶ್ನೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಾಯಿಲೆ ಕೋಳಿ ಸಂತೆಗೆ ಹೋದರೆ ಮುಂದಿನ ವಾರ ಹತ್ತು ಊರಿಗೆ ಕಾಯಿಲೆ ಹೋಗುತ್ತದೆ. ಸತ್ತರೆ ಬರಿಗೈಯಲ್ಲಿ ಮುಟ್ಟದೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಜೊತೆ ಇಡಿ, ವೈದ್ಯರಿಗೆ ಫೋನ್ ಮಾಡಿ. ಬೇಕು ಅಂದರೆ ಕೊಯ್ದು ಪರೀಕ್ಷೆ ಮಾಡುತ್ತಾರೆ. ಹೆಪ್ಪುಗಟ್ಟಿಸಬೇಡಿ, ಒಳಗಿನ ಅಂಗಗಳು ಹಾಳಾಗಿ ಏನೂ ಗೊತ್ತಾಗುವುದಿಲ್ಲ. ಬೇಡ ಅಂದರೆ ನಾಯಿ ಕೆದಕದಷ್ಟು ಆಳಕ್ಕೆ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿ. ಕೆರೆಗೆ ಎಸೆಯಬೇಡಿ.