ಕಾಸರಗೋಡಿನ ಕನ್ನಡ ಶಾಲೆ ಮತ್ತು ಓದಲು ತಡವರಿಸುವ ಮಗು

ಕೇರಳದಲ್ಲಿದ್ದು ಕನ್ನಡದಲ್ಲಿ ಓದುವ ಮಗುವಿಗೆ ಡಿಸ್ಲೆಕ್ಸಿಯ, ಅಂದರೆ ಓದು-ಬರಹದಲ್ಲಿ ತಡವರಿಸುವ ಕಲಿಕಾ ತೊಡಕು, ಇದ್ದರೆ ಯಾವ ಕಾನೂನು ಎಂದು ಕೇಳಿದ್ದೀರಿ. ಮೂಲ ಕಾನೂನು ಕೇಂದ್ರದ್ದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯ ಅದರೊಳಗೆ ಬರುತ್ತದೆ. ಅದನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕಂತೆ ಕಲಿಸಬೇಕು ಎನ್ನುತ್ತದೆ 16ನೇ ಸೆಕ್ಷನ್. ಜಾರಿ ಮಾತ್ರ ಕೇರಳದ ಕೈಯಲ್ಲಿದೆ: ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರ) ವಿಶೇಷ ಶಿಕ್ಷಕರು, ಮೆಡಿಕಲ್ ಬೋರ್ಡ್, ಎಸ್ಸೆಸ್ಸೆಲ್ಸಿ ರಿಯಾಯಿತಿ.

ತೊಡಕು ಇರುವುದು ಭಾಷೆಯಲ್ಲಿ. ಮಂಜೇಶ್ವರ, ಕುಂಬಳೆ ಕಡೆಯ ಒಂದನೇ ಕ್ಲಾಸಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಟಿ, ಮಲಯಾಳ, ಹವ್ಯಕ ಎಲ್ಲ ಮನೆಮಾತಿನ ಮಕ್ಕಳೂ ಒಟ್ಟಿಗೆ ಕೂತಿರುತ್ತಾರೆ. ಎಷ್ಟೋ ಮಕ್ಕಳಿಗೆ ಕನ್ನಡ ಸರಿಯಾಗಿ ಕಿವಿಗೆ ಬೀಳುವುದೇ ಶಾಲೆಯಲ್ಲಿ. ಹಾಗಾಗಿ ಮಗು ಓದದಿದ್ದರೆ ‘ಭಾಷೆ ಹೊಸತಲ್ಲವಾ, ತಾನಾಗಿ ಬರುತ್ತದೆ’ ಎಂದು ಬಿಟ್ಟುಬಿಡುತ್ತಾರೆ. ನಾಲ್ಕನೇ ಕ್ಲಾಸು ಮುಗಿದೇ ಹೋಗುತ್ತದೆ.

ಭಾಷೆ ಹೊಸತೆಂಬ ತೊಡಕನ್ನೂ ಡಿಸ್ಲೆಕ್ಸಿಯವನ್ನೂ ಬೇರ್ಪಡಿಸುವುದು ಟೀಚರಿಗೆ ಅಸಾಧ್ಯವೇನಲ್ಲ. ಮನೆಮಾತಿನಲ್ಲೇ ಶುರುಮಾಡಬೇಕು. ಮಗುವಿಗೆ ಗೊತ್ತಿರುವ ತುಳು ಅಥವಾ ಬ್ಯಾರಿ ಪದದ ಮೊದಲ ಅಕ್ಷರ ಬಿಟ್ಟು ಹೇಳಲು ಹೇಳಿ, ಪ್ರಾಸದ ಪದ ಕೇಳಿ. ಕತೆಯನ್ನು ಬಾಯಲ್ಲಿ ಚೆಂದಾಗಿ ಹೇಳುವ ಮಗು ಮನೆಮಾತಿನ ಪದವನ್ನೂ ಹೀಗೆ ಬಿಡಿಸಲಾಗದೆ ಮತ್ತೆ ಮತ್ತೆ ಸೋತರೆ, ಅದನ್ನು ಕನ್ನಡ ಹೊಸತೆಂಬ ಲೆಕ್ಕಕ್ಕೆ ಹಾಕಬೇಡಿ. ಮಹಾಪ್ರಾಣ ತಪ್ಪುವುದನ್ನು ಲಕ್ಷಣವಾಗಿ ಹಿಡಿಯಬೇಡಿ, ಇಲ್ಲಿನ ಹಲವು ಮನೆಮಾತುಗಳಲ್ಲಿ ದಿನಬಳಕೆಗೆ ಅದು ಇಲ್ಲ. ‘ಸೂರ್ಯ’ವನ್ನು ‘ಸೂಯ್ರ’ ಎನ್ನುವುದೂ ಆರಂಭದಲ್ಲಿ ಸಹಜ, ಅರ್ಕಾವತ್ತನ್ನು ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ಕನ್ನಡದಲ್ಲಿ ಬರೆದಂತೆಯೇ ಓದುವುದರಿಂದ ಡಿಸ್ಲೆಕ್ಸಿಯ ಇರುವ ಮಗುವೂ ಎಷ್ಟೋ ಸಲ ತಪ್ಪಿಲ್ಲದೆ ಓದೀತು, ಆದರೆ ತೀರಾ ನಿಧಾನವಾಗಿ. ಒಂದೊಂದೇ ಅಕ್ಷರ ಕೂಡಿಸಿ ಪದದ ಕೊನೆ ಮುಟ್ಟುವಾಗ ಮೊದಲು ಓದಿದ್ದು ಮರೆತಿರುತ್ತದೆ. ತಪ್ಪು ಎಣಿಸುವ ಟೀಚರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಇದರ ಮೇಲೆ ಮಲಯಾಳ ಲಿಪಿ. ಅದರಲ್ಲಿ ಎ, ಏ, ಐ ಚಿಹ್ನೆಗಳು ವ್ಯಂಜನದ ಎಡಕ್ಕೆ ಬರುತ್ತವೆ. ಒ, ಓ ಚಿಹ್ನೆಗಳು ವ್ಯಂಜನದ ಎರಡೂ ಬದಿಗೆ. ಕನ್ನಡದಲ್ಲಿ ಅವು ತಲೆಯ ಮೇಲೆ, ಬಲಕ್ಕೆ, ಕೆಲವು ಸಲ ಕೆಳಗೆ. ಕಾಗುಣಿತ ಗಟ್ಟಿಯಾಗದ ಮಗುವಿಗೆ ಎರಡನ್ನೂ ಒಟ್ಟಿಗೆ ಬರೆಸಿದರೆ ಎರಡೂ ಕಲಸಿಹೋಗುತ್ತವೆ. ಅಂಥ ಮಗುವಿಗೆ ಮಲಯಾಳವನ್ನು ಸ್ವಲ್ಪ ಕಾಲ ಮಾತಿನಲ್ಲೇ ಕಲಿಸುವುದು ಒಳ್ಳೆಯದು.

ಕಲಿಕಾ ನ್ಯೂನತೆಯ ಸರ್ಟಿಫಿಕೇಟಿಗೆ ಕೇಂದ್ರದ ಮಾರ್ಗಸೂಚಿ ಒಂದು ಕ್ರಮ ಹಾಕಿಕೊಟ್ಟಿದೆ. ಮೂರನೇ ಕ್ಲಾಸಿನಲ್ಲಿ ಅಥವಾ ಎಂಟು ವರ್ಷಕ್ಕೆ ಟೀಚರ ತಪಾಸಣೆ, ನಂತರ ಮಕ್ಕಳ ವೈದ್ಯರು, ಬುದ್ಧಿಮತ್ತೆ ಪರೀಕ್ಷೆ, ನಿಮ್ಹಾನ್ಸ್ ಸಂಸ್ಥೆಯ ಕಲಿಕಾ ನ್ಯೂನತೆ ಪರೀಕ್ಷಾಮಾಲೆ. 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರಿಶೀಲನೆ. ಸರ್ಟಿಫಿಕೇಟಿಗೆ ಎಂಟು ವರ್ಷ ತುಂಬಬೇಕು ನಿಜ, ಕಲಿಸುವ ರೀತಿ ಬದಲಿಸಲು ಯಾವ ಕಾಗದವೂ ಬೇಡ. ಇಷ್ಟು ಸಣ್ಣ ವಿಷಯವನ್ನು ಶಾಲೆಗಳು ಮರೆಯುವುದೇ ದೊಡ್ಡ ನಷ್ಟ.

ಓದಿನ ಪರೀಕ್ಷೆ ಕನ್ನಡದಲ್ಲೇ ಆಗಬೇಕೆಂದು ಪೋಷಕರು ಮೊದಲೇ ಬರೆದುಕೊಡಲಿ. ಕನ್ನಡ ಮಾಧ್ಯಮದ ಮಗುವನ್ನು ಮಲಯಾಳ ಓದಿಸಿ ಅಳೆದರೆ ಅದು ಎಷ್ಟು ಮಲಯಾಳ ಕಲಿತಿದೆ ಎಂದಷ್ಟೇ ತಿಳಿಯುತ್ತದೆ. ಕನ್ನಡದಲ್ಲಿ ಸಾಧನವಿಲ್ಲ ಎಂಬ ಮಾತನ್ನು ಒಪ್ಪಬೇಡಿ, ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಕನ್ನಡದಲ್ಲೂ ಇದೆ. ಅದರಲ್ಲಿ ಒಂದು–ಎರಡು ಮತ್ತು ಮೂರರಿಂದ ಐದನೇ ಕ್ಲಾಸಿಗೆ ಬೇರೆ ಬೇರೆ ತಪಾಸಣಾ ಪಟ್ಟಿಗಳಿವೆ.

ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಮತ್ತು ಪರವಾಗಿ ಬರೆಯುವವರು ಸಿಗುತ್ತಾರೆ. ಬರೆಯುವವರು ಸಾಮಾನ್ಯವಾಗಿ ಒಂಬತ್ತನೇ ಕ್ಲಾಸಿನ ಮಕ್ಕಳು. ಮಲಯಾಳ ವಿಭಾಗವೇ ದೊಡ್ಡದಾಗಿರುವ ಶಾಲೆಯಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಹೇಳಿದರೆ ಕೇಳಿ ಬರೆಯಬಲ್ಲ ಕನ್ನಡದ ಹುಡುಗ ಸಿಗುವುದು ಕಷ್ಟ. ಪಕ್ಕದ ಶಾಲೆಗಳಲ್ಲೂ ವಿಚಾರಿಸಿ, ವರ್ಷದ ಆರಂಭದಲ್ಲೇ ಒಬ್ಬರನ್ನು ಗೊತ್ತುಮಾಡಿ, ಅರ್ಧವಾರ್ಷಿಕ ಪರೀಕ್ಷೆಯಿಂದಲೇ ಇಬ್ಬರಿಗೂ ಅಭ್ಯಾಸ ಮಾಡಿಸಬೇಕು.