ಬಾಯಿ ಒಣಗುವುದನ್ನು ಚಿಂತೆಯ ಲೆಕ್ಕಕ್ಕೆ ಬರೆದಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯ, ನಲವತ್ತೈದು ದಾಟಿದ ಮಹಿಳೆಯೊಬ್ಬರನ್ನು ಅವರ ಪತಿ ಶಿವಮೊಗ್ಗಕ್ಕೆ ಆಪ್ತಸಲಹೆಗೆಂದು ಕರೆತಂದಿದ್ದರು. ಆಕೆ ಮನೆಯವರ ಜೊತೆ ಊಟಕ್ಕೆ ಕೂರುವುದಿಲ್ಲ, ಮದುವೆ ಮುಂಜಿಗಳಿಗೆ ಬರುವುದಿಲ್ಲ, ಸದಾ ಬಾಯಿ ಉರಿ ಎನ್ನುತ್ತಾರೆ, ಇದು ಮನಸ್ಸಿನ ಕಾಯಿಲೆಯೆಂದು ವೈದ್ಯರೊಬ್ಬರು ಹೇಳಿ ನಿದ್ರೆಗೆ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದಾರೆ ಎಂಬುದು ಪತಿಯ ವಿವರಣೆ.

ಆಕೆ ನಾಲ್ಕು ಮಾತು ಆಡುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿ, ಚೀಲದಲ್ಲಿದ್ದ ಬಾಟಲಿ ತೆಗೆದು ಗುಟುಕು ನೀರು ಕುಡಿಯುತ್ತಿದ್ದರು. ಅಕ್ಕಿ ರೊಟ್ಟಿ ನೀರಿಲ್ಲದೆ ಗಂಟಲಿನಲ್ಲಿ ಇಳಿಯುವುದಿಲ್ಲ, ಅಪ್ಪೆಮಿಡಿ ತಾಗಿದರೆ ನಾಲಿಗೆ ಉರಿಯುತ್ತದೆ, ತಂಬುಳಿ ಕಲಸಿದ ಅನ್ನವೊಂದೇ ಸಲೀಸು. ಪಂಕ್ತಿಯಲ್ಲಿ ಎಲ್ಲರೂ ಏಳುವ ಹೊತ್ತಿಗೆ ತನ್ನೊಬ್ಬಳ ಎಲೆ ಮುಗಿದಿರುವುದಿಲ್ಲ, ಆ ಮುಜುಗರಕ್ಕೇ ಸಮಾರಂಭಗಳನ್ನು ಬಿಟ್ಟೆ ಎಂದರು. ಕಣ್ಣಿನಲ್ಲಿ ಮರಳು ಬಿದ್ದಂತಾಗುವುದನ್ನು ಮನೆಯವರು ಅಡಿಕೆ ಬೇಯಿಸುವ ಒಲೆಯ ಹೊಗೆಗೆ ಕಟ್ಟಿದ್ದರು. ಆದರೆ ಸುಗ್ಗಿ ಮುಗಿದು, ಬಟ್ಟೆಯೇ ಒಣಗದ ಆಷಾಢದ ಮಳೆಯಲ್ಲೂ ಅದು ಹಾಗೆಯೇ ಇತ್ತು. ಬೆರಳ ಗಂಟುಗಳ ನೋವನ್ನು ನಾನು ಕೇಳಿದ ಮೇಲಷ್ಟೇ ಆಕೆ ಹೇಳಿದರು.

ಚಿಂತೆಯಿಂದಲೂ ಬಾಯಿ ಒಣಗುವುದುಂಟು. ಆದರೆ ಬಾಯಿ, ಕಣ್ಣು, ಕೀಲು ಮೂರೂ ಒಟ್ಟಿಗೆ ತಿಂಗಳುಗಟ್ಟಲೆ ದೂರು ಹೇಳುತ್ತಿರುವಾಗ ಅದನ್ನು ಮನಸ್ಸಿಗೆ ಹೊರಿಸುವುದು ಆತುರವೆಂದು ನನಗೆ ಅನ್ನಿಸಿತು. ಅಮಿಟ್ರಿಪ್ಟಿಲಿನ್ ತಾನೇ ಬಾಯಿ ಒಣಗಿಸುವ ಮಾತ್ರೆಯಾದದ್ದರಿಂದ ವಿಷಯ ಇನ್ನಷ್ಟು ಗೋಜಲಾಗಿತ್ತು. ಅದನ್ನು ತಾವಾಗಿ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ಈ ತೊಂದರೆಯನ್ನು ತಿಳಿಸಬೇಕೆಂದು ಹೇಳಿ, ದಂತವೈದ್ಯರ ಬಳಿ ಕಳುಹಿಸಿದೆ.

ನಮ್ಮ ಕಡೆ ಬಾಯಿ ಉರಿ ಎಂದರೆ ಮೊದಲ ಅನುಮಾನ ಎಲೆ ಅಡಿಕೆಯ ಮೇಲೆ, ಅದು ಸಹಜವೂ ಹೌದು. ಆದರೆ ಅಡಿಕೆಯಿಂದ ಬರುವ ತೊಂದರೆಯಲ್ಲಿ ಕೆನ್ನೆಯ ಒಳಭಾಗ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇವರ ಬಾಯಿ ಪೂರ್ತಿ ತೆರೆಯುತ್ತಿತ್ತು, ಹಲ್ಲುಗಳು ಮಾತ್ರ ಒಸಡಿನ ಅಂಚಿನಲ್ಲಿ ಸಾಲಾಗಿ ಹುಳುಕಾಗಿದ್ದವು. ದಂತವೈದ್ಯರು ಸಂಧಿವಾತ ತಜ್ಞರಿಗೆ ಬರೆದುಕೊಟ್ಟರು. ಕಣ್ಣೀರು ಅಳೆಯುವ ಕಾಗದದ ಪಟ್ಟಿ 5 ನಿಮಿಷದಲ್ಲಿ 5 ಮಿಲಿಮೀಟರ್ ಕೂಡ ನೆನೆಯಲಿಲ್ಲ, ರಕ್ತದಲ್ಲಿ ಈ ಕಾಯಿಲೆಯ ಸುಳಿವು ಕೊಡುವ ಆಂಟಿ-ರೋ ಪ್ರತಿಕಾಯ ಕಂಡಿತು. 1933ರಲ್ಲಿ ಸ್ವೀಡನ್ನಿನ ನೇತ್ರತಜ್ಞ ಹೆನ್ರಿಕ್ ಶೋಗ್ರೆನ್ ವಿವರಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ಕಾಯಿಲೆ ಇದು. ದೇಹದ ರಕ್ಷಣಾ ವ್ಯವಸ್ಥೆಯೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ತಿರುಗಿಬೀಳುತ್ತದೆ, ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ.

ಮುಂದಿನ ಭೇಟಿಗೆ ಪತಿಯನ್ನೂ ಅತ್ತೆಯನ್ನೂ ಕೂರಿಸಿಕೊಂಡೆ, ಏಕೆಂದರೆ ಮನೆಯಲ್ಲಿ ಆಕೆಯ ಲೋಟವನ್ನು ಬೇರೆ ಇಟ್ಟಿದ್ದರು. ಇದು ಅಂಟುವ ಕಾಯಿಲೆಯಲ್ಲವೆಂದು ನೇರವಾಗಿ ಹೇಳಿದೆ. "ಹಾಗಾದರೆ ಉಷ್ಣವೂ ಅಲ್ಲವಾ?" ಎಂದು ಅತ್ತೆ ಕೇಳಿದರು, ಅಲ್ಲ, ಮಜ್ಜಿಗೆ ಕುಡಿಸುವುದು ತಪ್ಪಲ್ಲ, ಆದರೆ ಅದರಿಂದ ಗ್ರಂಥಿ ಸರಿಹೋಗುವುದಿಲ್ಲ ಎಂದೆ. ಬಾಯಿ ಒದ್ದೆಯಾಗಲೆಂದು ಆಕೆ ದಿನವಿಡೀ ಚೀಪುತ್ತಿದ್ದ ಪೆಪ್ಪರ್‌ಮೆಂಟನ್ನು ಬಿಡಿಸಿ, ಸಕ್ಕರೆಯಿಲ್ಲದ ಚೂಯಿಂಗ್ ಗಮ್, ಫ್ಲೋರೈಡ್ ಪೇಸ್ಟ್, ಆಗಾಗ ಗುಟುಕು ನೀರು ಎಂದು ದಂತವೈದ್ಯರು ಹೇಳಿದ್ದನ್ನು ಬರೆದುಕೊಟ್ಟೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಶುರುವಾಗಿದ್ದರಿಂದ ಕಣ್ಣಿನ ಅಕ್ಷಿಪಟಲದ ತಪಾಸಣೆಯನ್ನು ತಪ್ಪಿಸಬಾರದೆಂದೂ, ಕಿವಿಯ ಕೆಳಗಿನ ಗ್ರಂಥಿ ಊದಿ ಇಳಿಯದೆ ಉಳಿದರೆ ತಡಮಾಡದೆ ತೋರಿಸಬೇಕೆಂದೂ ತಿಳಿಸಿದೆ. ಈ ಕಾಯಿಲೆಯವರಲ್ಲಿ ಅಪರೂಪಕ್ಕೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ (ಲಿಂಫೋಮಾ) ಬರುವುದುಂಟು.

ಆಪ್ತಸಲಹೆಯನ್ನು ನಿಲ್ಲಿಸಲಿಲ್ಲ. ಎರಡು ವರ್ಷ ಯಾರೂ ನಂಬದಿದ್ದ ಬೇಸರ ರಕ್ತಪರೀಕ್ಷೆಯ ವರದಿಯಿಂದ ಹೋಗುವಂಥದ್ದಲ್ಲ. ಮೊದಲ ಹೆಜ್ಜೆಯಾಗಿ, ಮನೆಯವರು ಊಟಕ್ಕೆ ಆಕೆಗಿಂತ ಸ್ವಲ್ಪ ತಡವಾಗಿ ಕೂರುವುದೆಂದು ಒಪ್ಪಿಕೊಂಡಿದ್ದಾರೆ.